ಗಣಪಿ ಹಿಡಿದ ಟಾರ್ಚು

ಹೊಳನಗದ್ದೆಯ ಮೋಹನನ ಮನೆಯಲ್ಲಿ ಪಾತ್ರೆ ತೊಳೆಯುವ ಮಶಿನ್ನು ಭಾನುವಾರ ಬೆಳಿಗ್ಗೆ ಗುಂಯ್ ಎಂದಿತೇ ಹೊರತು ನೀರು ಹೊರಗೆ ಬಿಡಲಿಲ್ಲ. ಕುಮಟೆಯ ರಿಪೇರಿಯವನು ಫೋನಿನಲ್ಲೇ ರೋಗ ಹೇಳಿದ: ಪಂಪಿನ ಮೋಟರು ಜಾಮಾಗಿದೆ, ಚಕ್ರಕ್ಕೆ ಏನೋ ಸಿಕ್ಕಿರಬೇಕು, ತಾನು ಬರುವುದು ಗುರುವಾರ. ಗುರುವಾರವೇ ಬರಲಿ ಎಂದು ಮೋಹನ ಬಹಳ ಉದಾರವಾಗಿ ಹೇಳಿದ. ಅವನ ತಾಯಿ ಗಣಪಿ ಒಪ್ಪಲಿಲ್ಲ. ನಿಂತ ನೀರು ಅಷ್ಟರಲ್ಲಿ ನಾರುತ್ತದೆ ಎಂದು ಟಾರ್ಚು ಹಿಡಿದು ಮಶಿನ್ನಿನ ಮುಂದೆ ಮಣೆ ಹಾಕಿ ಕುಳಿತೇಬಿಟ್ಟಳು.

ಸಿಕ್ಕಿದ್ದು ಏನು ಎಂಬುದು ಮೋಹನನಿಗೆ ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕು ತಿಂಗಳಿಂದ ಆ ಮನೆಗೆ ಮೀನು ಬಂದಿರಲಿಲ್ಲ. ಹಿಂದಿನ ಸಲ ಸೊಸೆ ದೀಪಿಕಾ ಬಸುರಾದ ಸುದ್ದಿಯನ್ನು ಗಣಪಿ ಸಂಜೆಯೊಳಗೆ ಕೇರಿಗೆಲ್ಲ ಹಂಚಿದ್ದಳು. ವಾರದೊಳಗೆ ಬಸುರು ಇಳಿದುಹೋಯಿತು. ಬಂದವರ ಸಮಾಧಾನ ಕೇಳಿ ಕೇಳಿ ದೀಪಿಕಾ ಹೈರಾಣಾದಳು. ಅವಳು ಮತ್ತೆ ಬಸುರಾಗುವ ತನಕ ಈ ಮನೆಯಲ್ಲಿ ಮೀನಿಲ್ಲ ಎಂದು ಗಣಪಿ ಹರಕೆ ಹೊತ್ತಳು. ಅದನ್ನೂ ಊರಿಗೆಲ್ಲ ಹೇಳಿದಳು.

ಈಗ ದೀಪಿಕಾಳಿಗೆ ಎರಡು ತುಂಬಿ ಮೂರು. ಮೂರು ತುಂಬುವ ತನಕ ಅತ್ತೆಗೆ ತಿಳಿಸಕೂಡದು ಎಂದು ಗಂಡನಿಂದ ಆಣೆ ಹಾಕಿಸಿಕೊಂಡಿದ್ದಳು. ಆದರೆ ಬಯಕೆಗೆ ಆಣೆ ತಿಳಿಯುವುದಿಲ್ಲ. ಗಣಪಿ ಬೆಳಕೆ ಊರಿನ ತಂಗಿಯ ಮನೆಗೆ ಹೋದ ಶುಕ್ರವಾರವೇ ದೀಪಿಕಾಳಿಗೆ ಹೊಳೆಯ ಚಿಪ್ಪುಮೀನು, ಬಳಚು, ತಿನ್ನಬೇಕೆನಿಸಿತು. ಮೋಹನ ಕಾಗಾಲಕ್ಕೆ ಬೈಕು ಓಡಿಸಿದ. ಉಂಡಾದ ಮೇಲೆ ಚಿಪ್ಪುಗಳನ್ನು ತೆಂಗಿನ ಬುಡದಲ್ಲಿ ಹೂತ, ವಾಸನೆಗೆ ಊದುಬತ್ತಿ ಹಚ್ಚಿದ, ಪಾತ್ರೆಗಳನ್ನು ಎರಡು ಸಲ ಮಶಿನ್ನಿಗೆ ಹಾಕಿ, ನಡುವೆ ಅದರ ತಳದ ಜಾಲರಿಯನ್ನೂ ಕಿತ್ತು ತೊಳೆದ. ಅದನ್ನು ಮತ್ತೆ ಸರಿಯಾಗಿ ತಿರುಗಿಸಿ ಬಿಗಿ ಮಾಡುವುದೊಂದನ್ನು ಮರೆತ.

ಈಗ ಪ್ಲಗ್ಗು ಕಿತ್ತು, ಲೋಟದಿಂದ ನೀರು ಮೊಗೆದು, ಜಾಲರಿ ಎತ್ತಿದ. ಅಮ್ಮ ಹೋಗಿ ಚಾ ಮಾಡಬಹುದಲ್ಲ ಎಂದ. ಅಮ್ಮ ಟಾರ್ಚನ್ನು ಇನ್ನೂ ಹತ್ತಿರ ತಂದಳು. ಒಳಗೆ ಬೆರಳು ಹಾಕಿ ಚಕ್ರ ತಿರುಗಿಸಿದರೆ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ಹಿಂದಕ್ಕೆ ತಿರುಗಿಸಿದ. ಕೈಗೆ ಬಂದದ್ದನ್ನು ಮುಷ್ಟಿಯಲ್ಲೇ ಮುಚ್ಚಿ, ಏನೂ ಇಲ್ಲ ಎಂದ.

"ಕೈ ಬಿಡ್ಸು," ಎಂದಳು ಗಣಪಿ.

ಉಗುರಗಲದ ಬಳಚಿನ ಚಿಪ್ಪು. ತಿಂದದ್ದು ತಾನೇ ಎಂದ ಮೋಹನ. ಬಳಚು ತಿಂದರೆ ಅವನಿಗೆ ಮೈಯೆಲ್ಲ ತುರಿಕೆ ಏಳುವುದು ಹೆತ್ತವಳಿಗೆ ಗೊತ್ತಿರದೇ? ಟಾರ್ಚಿನ ಬೆಳಕು ಅವನ ಮುಖ ಬಿಟ್ಟು, ಬಾಗಿಲಲ್ಲಿ ನಿಂತ ದೀಪಿಕಾಳ ಮುಖಕ್ಕೆ, ಅಲ್ಲಿಂದ ಹೊಟ್ಟೆಗೆ ಹೋಯಿತು.

"ಎಷ್ಟಾತು?"

"ಎರಡು ತುಂಬ್ತು, ಅತ್ತೆ." ದೀಪಿಕಾ ಅಳತೊಡಗಿದಳು.

ಗಣಪಿ ಸುಮ್ಮನೆ ಕುಳಿತಳು. ಮೋಹನ ಹುಟ್ಟಿದಾರಭ್ಯ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದಿಲ್ಲ, ಅವನಿಗೆ ಹೆದರಿಕೆಯೇ ಆಯಿತು. ಹರಕೆ ತೀರಿತಲ್ಲ, ಮಧ್ಯಾಹ್ನಕ್ಕೆ ಬಂಗಡೆ ತರಲೇ ಎಂದು ಕೇಳಿದ.

"ನಾ ಮೀನು ತಿಂದ್ರೆ ಊರಿಗೆಲ್ಲ ಗೊತ್ತಾತದೆ," ಎಂದಳು ಗಣಪಿ. "ಮೂರು ತುಂಬೂವರೆಗೆ ನಂಗೆ ಬೇಡ. ಅವ್ಳಿಗೆ ಎಂತ ಬೇಕೋ ತಂದ್ಕೊಡು, ಕಿಟಕಿ ಹಾಕ್ಕಂಡು ಮಾಡ್ತೆ."

ಜಾಲರಿ ಬಿಗಿ ಮಾಡಿ ಸ್ವಿಚ್ಚು ಹಾಕಿದರೆ ಮಶಿನ್ನು ತಿರುಗಿತು. ಸದ್ದು ಕೇಳಿ ಆಚೆಮನೆಯ ದುರ್ಗಿ ಬೇಲಿಯ ಹತ್ತಿರ ಬಂದು, ಅದಕ್ಕೆ ಎಂತ ಸಿಕ್ಕಿಕೊಂಡಿತ್ತು ಎಂದು ವಿಚಾರಿಸಿದಳು. ಗಣಪಿ ಬಾಯಿ ತೆರೆದಳು. ಮೋಹನ ಕಣ್ಣು ಮುಚ್ಚಿಕೊಂಡ.

"ಹುಣಸೆ ಬೀಜ," ಎಂದಳು ಗಣಪಿ.