ಒರೆಸುವ ಮೊದಲು ಒಂದು ಫೋಟೋ

ಅಕ್ಕ ತಂಗಿಯರೇ, ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ದಡ್ಡಿ ಎಂದರೆ ನಾನೇ. ಹೆಸರು ವಿನೋದಾ, ಊರು ಉಡುಪಿ ಕಡೆ, ಈಗ ಇರುವುದು ಡೊಂಬಿವಲಿಯಲ್ಲಿ. ನನ್ನ ಗಂಡ ಜಯಶೀಲರು ಮಾಜಿವಾಡಾದಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ಮೊದಲು ದಿವಾದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಹದಿನೇಳು ವರ್ಷ ಮಂಚದ ಪಕ್ಕದಲ್ಲೇ ಸ್ಟೌ ಇಟ್ಟು ಅಡುಗೆ ಮಾಡಿದವಳು ನಾನು. ನಾಲ್ಕು ವರ್ಷದ ಹಿಂದೆ ಬ್ಯಾಂಕಿನ ಸಾಲದಲ್ಲಿ ಈ ಫ್ಲ್ಯಾಟ್ ತೆಗೆದುಕೊಂಡಾಗ ನಾನು ಕೇಳಿದ್ದು ಒಂದೇ, ಒಂದು ಚಂದದ ಅಡುಗೆಮನೆ. ಕಟ್ಟೆಯ ಕೆಳಗೆ ಹಸಿರು ಬಾಗಿಲಿನ ಕಪಾಟುಗಳು, ಎಳೆದರೆ ಸರ್ರನೆ ಬರುವ ಟ್ರಾಲಿಗಳು. ಆ ಅಡುಗೆಮನೆಯೆಂದರೆ ನನಗೆ ಜೀವ.

ಕಳೆದ ವರ್ಷ ಒಂದು ಭಾನುವಾರ ನೆರೂಲ್‌ನಲ್ಲಿ ಮದುವೆ ಊಟ ಮುಗಿಸಿ ಸಂಜೆ ಮನೆಗೆ ಬಂದೆವು. ಬಾಗಿಲು ತೆಗೆದರೆ ಪಾದ ಮುಳುಗುವಷ್ಟು ನೀರು. ಸಿಂಕಿನ ಕೆಳಗೆ ವಾಟರ್ ಫಿಲ್ಟರಿಗೆ ಹೋಗುವ ಪೈಪು ಒಡೆದು ಇಡೀ ದಿನ ಹರಿದಿತ್ತು. ಜಯಶೀಲರು ನೀರು ಬಂದ್ ಮಾಡಲು ಓಡಿದರು. ರೇಷ್ಮೆ ಸೀರೆ ಎತ್ತಿ ಹಿಡಿದು ನಾನು ಅಳುತ್ತಾ ನಿಂತಿದ್ದರೆ ಮಗಳು ಮಾನಸಿ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದಾಳೆ. ಅವಳಿಗೆ ಸರಿಯಾಗಿ ಬೈದೆ. ಕಪಾಟುಗಳ ಪ್ಲೈವುಡ್ ಚಹಾದಲ್ಲಿ ಅದ್ದಿದ ಖಾರಿ ಬಿಸ್ಕತ್ತಿನ ಹಾಗೆ ಉಬ್ಬಿತ್ತು. ಒಂದು ಬಾಗಿಲೂ ಮುಚ್ಚುತ್ತಿರಲಿಲ್ಲ.

ಮಂಗಳವಾರದ ಭಜನೆ ಆ ವಾರ ನಮ್ಮ ಮನೆಯಲ್ಲಿ. ಇಪ್ಪತ್ತು ಹೆಂಗಸರು ಬರುವವರು. ಮನೆ ಹೀಗಿದ್ದರೆ ಮರ್ಯಾದೆ ಏನಾಗಬೇಕು? ಸೋಮವಾರ ಬೆಳಗಾಗುವುದರೊಳಗೆ ನೆಲವೆಲ್ಲ ತೊಳೆದು ಒರೆಸಿ, ಉಬ್ಬಿದ ಬಾಗಿಲುಗಳನ್ನು ಕಿತ್ತು ಹಾಕಿಸಿ, ಬೆಳಕು ಹರಿದ ಕೂಡಲೇ ಹಳೆ ಸಾಮಾನು ಒಯ್ಯುವ ಭಂಗಾರ್‌ವಾಲಾನನ್ನು ಕರೆದು ಕೊಟ್ಟೇಬಿಟ್ಟೆ. ನಮ್ಮ ಕಡೆಯ ಹೆಂಗಸರಿಗೆ ಕಸ ಮನೆಯಲ್ಲಿ ಒಂದು ಗಳಿಗೆ ಇದ್ದರೂ ಆಗುವುದಿಲ್ಲ, ನಿಮಗೇ ಗೊತ್ತು.

ಅವನು ಬಾಗಿಲುಗಳನ್ನು ತಲೆಯ ಮೇಲೆ ಹೊತ್ತು ಇಳಿಯುತ್ತಿದ್ದಾಗ ಕೆಳಗಿನಿಂದ ನಾಗವೇಣಿ ಕಂಡರು. ಅವರು ಹುಬ್ಬಳ್ಳಿಯವರು, ಕೆಳಗಿನ ಮನೆ, ಕಲ್ಯಾಣದ ಒಂದು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಕೆಲಸ. ಆಫೀಸಿಗೆ ಹೊರಟವರು ಮೆಟ್ಟಿಲಿಗೆ ಅಡ್ಡ ನಿಂತು ಅವನನ್ನು ತಡೆದರು. ಬಾಗಿಲು ಸಮೇತ ಅವನನ್ನು ಮೇಲಕ್ಕೇ ಹತ್ತಿಸಿಕೊಂಡು ಬಂದರು.

"ಅಕ್ಕಾರ, ಕ್ಲೇಮ್ ಹಾಕೀರೇನು?" ಎಂದು ಕೇಳಿದರು.

"ಎಂತ ಕ್ಲೇಮು ಮಾರಾಯ್ರೆ? ಇನ್ಶೂರೆನ್ಸ್ ಬರುವುದು ಯಾರಾದ್ರೂ ಸತ್ರೆ ಅಲ್ವಾ? ನಾವೆಲ್ಲ ಗಟ್ಟಿಯಾಗಿ ಇದ್ದೇವೆ."

ಅವರು ನಗಲಿಲ್ಲ. ಮನೆಸಾಲ ಕೊಡುವಾಗ ಎಷ್ಟೋ ಜನರಿಂದ ಮನೆಯ ವಿಮೆಯನ್ನೂ ಮಾಡಿಸಿರುತ್ತಾರೆ, ಸಹಿ ಹಾಕಿದವರಿಗೇ ನೆನಪಿರುವುದಿಲ್ಲ, ಫೈಲ್ ತೆಗೆಯಿರಿ ಎಂದರು. ಸೀರೆಗಳ ಅಡಿಯಿಂದ ಫೈಲ್ ತೆಗೆದೆ. ಒಂದೊಂದೇ ಕಾಗದ ತಿರುವಿದರು. ನಡುವಿನಲ್ಲಿ ಸಿಕ್ಕೇಬಿಟ್ಟಿತು, ಜಯಶೀಲರ ಹೆಸರಿನಲ್ಲೇ. ನೀರಿನ ಪೈಪು ಒಡೆದು ಆದ ಹಾನಿಗೆ ರಕ್ಷಣೆ ಉಂಟು. ಗೋಡೆಗೆ ಕೂಡಿಸಿದ ಕಪಾಟುಗಳೂ ಅದರೊಳಗೆ ಬರುತ್ತವೆ. ಮೊದಲ ಐದು ಸಾವಿರ ಮಾತ್ರ ನಮ್ಮ ಕೈಯಿಂದ. ನಾಗವೇಣಿ ಓದಿ ಹೇಳುತ್ತಾ ಹೋದ ಹಾಗೆ ನನಗೆ ಕುಣಿಯುವ ಹಾಗಾಯಿತು. ಪಾಪ, ಅವರಿಗೆ ಅಂದು ಎರಡು ಟ್ರೈನ್ ತಪ್ಪಿತು.

ಹಾಗೆಂದು ಕೂಡಲೇ ಕ್ಲೇಮ್ ಹಾಕಿ ಎಂದು ಅವರು ಹೇಳಲಿಲ್ಲ. ಮೊದಲು ಬಡಗಿಯನ್ನು ಕರೆಸಿ ಖರ್ಚು ಬರೆಸಿಕೊಳ್ಳಿ ಎಂದರು. ಒಂದೆರಡು ಹಲಗೆ ಕೆಟ್ಟು ಖರ್ಚು ಐದಾರು ಸಾವಿರವಾದರೆ ನಮ್ಮ ಪಾಲೇ ಅಷ್ಟಾಗುತ್ತದೆ, ಮುಂದಿನ ಸಲ ವಿಮೆಯ ಕಂತಿನಲ್ಲಿ ರಿಯಾಯಿತಿ ಇದ್ದರೆ ಅದೂ ಹೋಗಬಹುದು. ಅಂಥದಕ್ಕೆ ಕ್ಲೇಮ್ ಬೇಡ. ಬಡಗಿ ಬಂದು ನೋಡಿ ಅರವತ್ತೆರಡು ಸಾವಿರ ಎಂದ. ಹಾಗಾದರೆ ಹಾಕಲೇಬೇಕು. ಆ ದಿನವೇ ವಿಮೆ ಕಂಪನಿಗೆ ಫೋನ್ ಮಾಡಿ ಕ್ಲೇಮಿನ ನಂಬರು ಬರೆದುಕೊಂಡೆವು. ಒಡೆದ ಪೈಪಿನ ತುಂಡನ್ನು ಎತ್ತಿಟ್ಟೆವು. ನಾನು ಒರೆಸಿ ಹಾಕಿದ ನೀರಿಗೆ ಸಾಕ್ಷಿ ಎಲ್ಲಿಂದ ತರುವುದು? ಮಾನಸಿಯ ವಿಡಿಯೋದಲ್ಲಿ ಎಲ್ಲ ಇತ್ತು, ನನ್ನ ಅಳು ಸಮೇತ. ಅವಳನ್ನು ಅಪ್ಪಿಕೊಂಡೆ.

ಮಂಗಳವಾರ ಉಬ್ಬಿದ ಬಾಗಿಲುಗಳು ಹಾಲ್‌ನ ಗೋಡೆಗೇ ಒರಗಿದ್ದವು. ಅವುಗಳ ಪಕ್ಕ ಕುಳಿತೇ ಎಲ್ಲರೂ ಭಜನೆ ಹಾಡಿದರು. ಮಂಗಳಾರತಿ ಆದ ಮೇಲೆ ಪ್ರಸಾದ ತಿನ್ನುತ್ತಾ ಎಲ್ಲರ ಬಾಯಲ್ಲೂ ಪಾಲಿಸಿಯ ಮಾತೇ.

ಜಯಶೀಲರು ಮೊದಲು, ಬಿಡು, ಅವರೆಲ್ಲಿ ಕೊಡುತ್ತಾರೆ ಎಂದು ಗೊಣಗಿದವರು. ಪಾಲಿಸಿ ನೋಡಿದ ಮೇಲೆ ಅವರಿಗೆ ಹುರುಪೋ ಹುರುಪು. ಮಲಗುವ ಕೋಣೆಯ ಗೋಡೆಯಲ್ಲಿ ಎರಡು ಮಳೆಗಾಲದ ಹಳೆಯ ತೇವದ ಕಲೆ ಇತ್ತು. "ಇದನ್ನೂ ಅದರಲ್ಲೇ ಸೇರಿಸುವ. ಅವರಿಗೆಂತ ಗೊತ್ತಾಗ್ತದೆ?" ಎಂದರು. ನಿಜ ಹೇಳಬೇಕಲ್ಲ, ನನಗೂ ಆಸೆಯಾಯಿತು. ಇಡೀ ಮನೆಗೆ ಬಣ್ಣ ಬಳಿಸಬಹುದಲ್ಲ ಎಂದು ಮನಸ್ಸಿನಲ್ಲೇ ಬಣ್ಣವನ್ನೂ ಆರಿಸಿಬಿಟ್ಟಿದ್ದೆ. ನಾಗವೇಣಿಗೆ ಹೇಳಿದರೆ ಅವರ ಮುಖ ಗಂಭೀರವಾಯಿತು.

"ಬ್ಯಾಡ್ರಿ ಅಕ್ಕಾರ. ನಿಧಾನಕ ಇಳಿಯೋ ಹಳೇ ಸೋರಿಕಿಗೆ ಈ ಪಾಲಿಸಿಯೊಳಗ ರೊಕ್ಕ ಇಲ್ಲ. ಒಂದು ಸುಳ್ಳು ಸಿಕ್ಕಿತಂದ್ರ ನಿಮ್ಮ ಅಡಗಿಮನಿ ಕ್ಲೇಮೂ ಹೋಗತದ."

ಬುಧವಾರ ಹಾನಿ ಎಷ್ಟಾಗಿದೆ ಎಂದು ನೋಡಲು ಕಂಪನಿಯ ಸರ್ವೇಯರ್ ಬಂದರು. ಪೈಪಿನ ತುಂಡು, ಬಾಗಿಲು, ವಿಡಿಯೋ ಎಲ್ಲ ನೋಡಿ ಬರೆದುಕೊಂಡರು. ಆಮೇಲೆ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು, ಗೋಡೆಯ ಕಡೆ ಬೆರಳು ತೋರಿಸಿ, ಇದೂ ಅದೇ ದಿನ ಆದದ್ದೇ ಎಂದು ಕೇಳಿದರು, "ಯೆ ಭೀ ಉಸೀ ದಿನ್ ಕಾ ಹೈ ಕ್ಯಾ?"

ಜಯಶೀಲರು ನನ್ನ ಮುಖ ನೋಡಿದರು. ಒಂದು ಹೂಂ ಅಂದರೆ ಸಾಕಿತ್ತು. ಆದರೆ ಆ ಹೂಂಗೆ ನನ್ನ ಅಡುಗೆಮನೆಯೇ ಹೋದರೆ?

"ನಹೀಂ ಭಾವೂ, ವೋ ಪುರಾನಾ ಹೈ. ದೋ ಬಾರಿಶ್ ಕಾ," ಎಂದೆ, ಎರಡು ಮಳೆಗಾಲದಷ್ಟು ಹಳೆಯದು ಎಂದು ಇದ್ದದ್ದನ್ನೇ.

ಅವರು ತಲೆಯಾಡಿಸಿ ಹೋದರು. ಜಯಶೀಲರು ಮುಖ ಊದಿಸಿಕೊಂಡು ಕ್ಯಾಂಟೀನಿಗೆ ಹೊರಟರು. ಮೂರು ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನಾಲ್ಕನೇ ವಾರ ಜಯಶೀಲರೇ ಕ್ಯಾಂಟೀನಿನಿಂದ ಫೋನ್ ಮಾಡಿದರು. ಮರ ಮೂರು ವರ್ಷ ಹಳೆಯದೆಂದು ಸ್ವಲ್ಪ ಕಳೆದು, ನಮ್ಮ ಐದು ಸಾವಿರವನ್ನೂ ಕಳೆದು, ನಲವತ್ತೊಂಬತ್ತು ಸಾವಿರ ಖಾತೆಗೆ ಬಂದಿತ್ತು. "ನೀನು ಹೇಳಿದ್ದೇ ಸರಿ ಆಯ್ತು ಮಾರಾಯ್ತಿ," ಎಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಈ ಮಾತು ಬಂದದ್ದು ಅದೇ ಮೊದಲು. ಅಡುಗೆಮನೆಯ ನೆಲದಲ್ಲಿ ಕುಳಿತು ಅತ್ತುಬಿಟ್ಟೆ, ಖುಷಿಗೆ.

ಅಕ್ಕ ತಂಗಿಯರೇ, ಈ ಹಾಳೆಯನ್ನು ಮಡಚಿ ಇಡುವ ಮೊದಲು ಎದ್ದು ನಿಮ್ಮ ಮನೆಸಾಲದ ಫೈಲ್ ತೆಗೆಯಿರಿ. ವಿಮೆ ಇದೆಯೇ, ಒಳಗಿನ ಸಾಮಾನಿಗೂ ಇದೆಯೇ, ನಿಮ್ಮ ಪಾಲು ಎಷ್ಟು ಎಂದು ಓದಿ. ಒಬ್ಬೊಬ್ಬರ ಪಾಲಿಸಿ ಒಂದೊಂದು ಥರ, ಅರ್ಥವಾಗದಿದ್ದರೆ ಬ್ಯಾಂಕಿಗೆ ಹೋಗಿ ಕೇಳಿ. ನೀರು ನುಗ್ಗಿದರೆ ಮೊದಲು ನಲ್ಲಿ ಬಂದ್ ಮಾಡಿ, ಫೋಟೋ ತೆಗೆಯಿರಿ, ಆಮೇಲೆ ಒರೆಸಿ. ಕೆಟ್ಟ ಸಾಮಾನನ್ನು ಸರ್ವೇಯರ್ ನೋಡುವ ತನಕ ಎಸೆಯಬೇಡಿ. ಖರ್ಚು ನಿಮ್ಮ ಪಾಲಿಗಿಂತ ಎಷ್ಟು ಹೆಚ್ಚು ಎಂದು ನೋಡಿ ತೀರ್ಮಾನಿಸಿ. ಆದದ್ದನ್ನು ಆದ ಹಾಗೇ ಹೇಳಿ. ಕೇಳಲು ನಾಚಿಕೆ ಬೇಡ. ಮನೆ ನಿಮ್ಮದು, ಕಂತು ಕಟ್ಟಿದವರು ನೀವು.