ಅಮ್ಮನ ಕೈಗುಣ

ಆ ಮನೆಯ ಕಾರು ಬೆಳಗಿನ ಹೊತ್ತು ಅಮ್ಮನ ಕೈಗೆ ಮಾತ್ರ ಬಗ್ಗುತ್ತಿತ್ತು. ಮಗಳು ಕೀಲಿ ತಿರುವಿದರೆ ಹಳೇ ಕೆಮ್ಮಿನವರಂತೆ ಕೊರಕೊರ ಎಂದು ಸುಮ್ಮನಾಗುವುದು. ಇನ್ನೊಮ್ಮೆ ತಿರುವಿದರೆ ಇನ್ನೊಂದಷ್ಟು ಕೆಮ್ಮು. ಕೊನೆಗೆ ಕಿಟಕಿಯಿಂದ ತಲೆ ಹೊರಹಾಕಿ, "ಅಮ್ಮಾ, ಸ್ವಲ್ಪ ಬಾ" ಎಂದು ಕೂಗುವಳು. ಅಮ್ಮ ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು, ಕೈ ಒರೆಸಿಕೊಂಡು ಬಂದು ಕೂತರೆ ಕಾರು ಮರುಮಾತಿಲ್ಲದೆ ಗುರ್ ಎನ್ನುವುದು. ಮೊದಲಿಂದ ಅವಳೇ ಕೂತ ದಿನವೂ ಅಷ್ಟೆ.

ಕೈಗುಣ ಎಂದು ಅಪ್ಪ ನಗುತ್ತಿದ್ದ. ಪಾತ್ರೆ ತೊಳೆಯುವಾಗಲೂ ಅಮ್ಮನ ಒಂದು ಕಿವಿ ಹೊರಗೇ ಇರುತ್ತಿತ್ತು. ಮಗಳು ಬೆಳೆದ ಮೇಲೆ ಜಡೆಗೆ, ಪಾಠಕ್ಕೆ, ಜ್ವರಕ್ಕೆ ಕೂಡ ಅಮ್ಮನನ್ನು ಕರೆಯುವುದು ನಿಂತಿತ್ತು. ಉಳಿದದ್ದು ಈ ಕಾರೊಂದೇ.

ಈಗ ಅದೇ ಕುತ್ತಿಗೆಗೆ ಬಂತು. ನರ್ಸಿಂಗ್ ಮುಗಿಸಿದ ಮಗಳಿಗೆ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸ್ವಂತ ವಾಹನ ಬೇಕು, ಹೊತ್ತು ತಪ್ಪಬಾರದು, ಮೊದಲ ತಿಂಗಳಲ್ಲೇ ತಡವಾದರೆ ಜಾಗ ಇನ್ನೊಬ್ಬರಿಗೆ ಎಂದು ಕೆಲಸ ಕೊಟ್ಟವರು ಮೊದಲೇ ಹೇಳಿಬಿಟ್ಟಿದ್ದರು. ಸೋಮವಾರದಿಂದ ಶುರು. ಬೆಳಗ್ಗೆ ನಾನೇ ಸ್ಟಾರ್ಟ್ ಮಾಡಿಕೊಡುತ್ತೇನೆ ಎಂದಳು ಅಮ್ಮ. ಮಗಳು ಅವಳನ್ನೇ ನೋಡಿದಳು.

"ಒಂದೊಂದು ಮನೇಲಿ ಅರ್ಧ ದಿನ ಇರ್ಬೇಕಾಗತ್ತೆ, ಕಾರು ತಣ್ಣಗಾಗ್ಬಿಡತ್ತೆ. ಅಲ್ಲಿ ಯಾರನ್ನ ಕೂಗ್ಲಿ, ಅಮ್ಮಾ ಬಾ ಅಂತ?"

ಬೇರೆ ಕೆಲಸ ನೋಡಿಕೊಂಡರಾಯಿತು ಎಂದು ಅಪ್ಪ ಪೇಪರ್ ಮಡಚಿದ. ಮಗಳು ಎದ್ದು ಒಳಗೆ ಹೋದಳು.

ಅಮ್ಮನ ಮೈದುನ ಗ್ಯಾರೇಜು ಇಟ್ಟಿದ್ದ. ಅವನಿಗೆ ಈ ಕಾರಿನ ಕಥೆ ಹೊಸದೇನಲ್ಲ. ಬ್ಯಾಟರಿ ಬದಲಿಸಿದ್ದ, ಪ್ಲಗ್ ಬದಲಿಸಿದ್ದ. ಆದರೆ ಪ್ರತಿ ಸಲವೂ ಕಾರನ್ನು ಅವನ ಬಾಗಿಲಿಗೆ ಓಡಿಸಿಕೊಂಡು ಹೋಗುತ್ತಿದ್ದವಳು ಅತ್ತಿಗೆಯೇ. ವೈದ್ಯರ ಮೆಟ್ಟಿಲು ಹತ್ತಿದ ಕೂಡಲೇ ಹಲ್ಲುನೋವು ಮಾಯವಾದಂತೆ, ಬಿಸಿ ಎಂಜಿನ್ನು ಅವನ ಮುಂದೆ ಒಂದೇ ತಿರುವಿಗೆ ಏಳುತ್ತಿತ್ತು. ರೋಗವೇ ಕಾಣದಿದ್ದರೆ ಮದ್ದು ಎಲ್ಲಿಂದ? ಈ ಸಲ ಅಮ್ಮ ಫೋನ್ ಮಾಡಿ, ಕಾರು ತರುವುದಿಲ್ಲ, ಅದು ತಣ್ಣಗಿರುವಾಗ ನೀನೇ ಬಾ ಎಂದಳು.

ಶನಿವಾರ ಬೆಳಕು ಹರಿಯುವಾಗ ಅವನು ಬಂದ. ಮೊದಲು ಮಗಳ ಸರದಿ. ಅವಳು ಬಟ್ಟೆ ತಂದು ಮುಂದಿನ ಗಾಜಿನ ಮೇಲಿನ ಇಬ್ಬನಿಯನ್ನು ಹೊರಗಿನಿಂದ ಚೊಕ್ಕವಾಗಿ ಒರೆಸಿದಳು, ಕೂತಳು, ಕೀಲಿ ತಿರುವಿದಳು. ಕೊರಕೊರ. ಮೈದುನ ಅವಳನ್ನು ಅಲ್ಲಿಗೇ ನಿಲ್ಲಿಸಿದ. ನಾಳೆ ಇದೇ ಹೊತ್ತಿಗೆ ಅತ್ತಿಗೆ ಕೂರಲಿ, ಅಲ್ಲಿಯವರೆಗೆ ಇದನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದ.

ಭಾನುವಾರ ಅವನು ಹಿಂದಿನ ಸೀಟಿನಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದ. "ದಿನಾ ಮಾಡೋ ಹಾಗೇ ಮಾಡಿ ಅತ್ತಿಗೆ. ಮಂತ್ರ ಗಿಂತ್ರ ಇದ್ರೆ ಅದನ್ನೂ ಜೋರಾಗೇ ಹೇಳಿ."

"ಮಂತ್ರಕ್ಕೆ ಮಾವಿನಕಾಯಿ ಉದುರತ್ತೇನಪ್ಪ?"

ಅವಳಿಗೆ ಬಟ್ಟೆ ಹುಡುಕುವ ತಾಳ್ಮೆ ಎಂದೂ ಇರಲಿಲ್ಲ. ಕೀಲಿಯನ್ನು ಅರ್ಧ ತಿರುವಿ ವೈಪರ್ ಹಾಕಿದಳು. ಗಾಜು ಒಂದು ಸಲ, ಎರಡು ಸಲ ಒರೆಸಿಕೊಂಡಿತು. ಕನ್ನಡಿ ಸರಿಮಾಡಿಕೊಂಡಳು. ಆಮೇಲೆ ಪೂರ್ತಿ ತಿರುವಿದಳು. ಕಾರು ಎದ್ದಿತು.

ಮೈದುನ ಎಂಜಿನ್ ಆರಿಸಲು ಹೇಳಿ, ಇಳಿದು ಬಾನೆಟ್ ಎತ್ತಿದ. ಪೆಟ್ರೋಲ್ ಹೋಗುವ ಕೊಳವೆಗೆ ಒತ್ತಡ ಅಳೆಯುವ ಮೀಟರ್ ಸಿಕ್ಕಿಸಿ, ಕಾಫಿ ಕೇಳಿ ಮೆಟ್ಟಿಲ ಮೇಲೆ ಕೂತ. ಲೋಟ ಖಾಲಿಯಾಗುವ ಹೊತ್ತಿಗೆ ಮುಳ್ಳು ಅರ್ಧಕ್ಕೆ ಇಳಿದಿತ್ತು. ತಿಂಡಿ ಮುಗಿಯುವ ಹೊತ್ತಿಗೆ ಸೊನ್ನೆಯಲ್ಲಿತ್ತು. ಕೀಲಿ ಅರ್ಧ ತಿರುವಿದಾಗ ಹಿಂದಿನ ಸೀಟಿನ ಕೆಳಗೆ ಸಣ್ಣಗೆ ಗುಂಯ್ ಎಂಬ ಸದ್ದು, ಮುಳ್ಳು ಮೇಲೆ.

ತಪ್ಪು ಟ್ಯಾಂಕಿನೊಳಗಿನ ಪಂಪಿನದು ಎಂದು ಅವನು ವಿವರಿಸಿದ. ಏರಿಸಿದ ಪೆಟ್ರೋಲ್ ಹಿಂದಕ್ಕೆ ಜಾರದಂತೆ ತಡೆಯುವ ಪುಟ್ಟ ಬಾಗಿಲೊಂದು ಅದರಲ್ಲಿರುತ್ತದೆ, ಅದು ಸವೆದಿದೆ. ನಿಲ್ಲಿಸಿಟ್ಟರೆ ಕೊಳವೆ ಬರಿದು. ಅತ್ತಿಗೆ ವೈಪರ್ ಆಡಿಸುವಷ್ಟರಲ್ಲಿ ಪಂಪು ಅದನ್ನು ಮತ್ತೆ ತುಂಬಿಸುತ್ತದೆ. ಮಗಳು ಗಾಜನ್ನು ಮೊದಲೇ ಒರೆಸಿರುವುದರಿಂದ ಕೀಲಿಯನ್ನು ಒಮ್ಮೆಲೇ ಪೂರ್ತಿ ತಿರುವುತ್ತಾಳೆ, ಪಂಪಿಗೆ ಹೊತ್ತೇ ಸಿಗುವುದಿಲ್ಲ.

"ಅವಳು ಕರೆದ ಮೇಲೆ ನೀವು ಬರ್ತಿದ್ರಲ್ಲ, ಅಷ್ಟೊತ್ತಿಗೆ ತಿರುವಿ ತಿರುವಿ ಅರ್ಧ ಪೆಟ್ರೋಲ್ ಅವಳೇ ಏರಿಸಿರ್ತಿದ್ಲು. ಹೆಸರು ಮಾತ್ರ ನಿಮ್ಮ ಕೈಗುಣದ್ದು."

ಅಮ್ಮ ನಕ್ಕಳು. ನಗು ಬೇಗ ಮುಗಿಯಿತು.

ಅಪ್ಪನಿಗೆ ನಿರಾಳವಾಯಿತು. ಹಾಗಿದ್ದರೆ ಪಂಪು ಬಿಚ್ಚುವುದು ಯಾಕೆ, ಅವಳೂ ವೈಪರ್ ಹಾಕಲಿ, ಗುಟ್ಟು ತಿಳಿದ ಮೇಲೆ ಇನ್ನೇನು ಎಂದ. ಮೈದುನನೂ ಸದ್ಯಕ್ಕೆ ನಡೆಯುತ್ತದೆ ಎಂದ. ಮಗಳು ಅಮ್ಮನ ಮುಖ ನೋಡಿದಳು.

ಗುಟ್ಟನ್ನು ಹೇಳಿಕೊಟ್ಟರೆ ಅದು ಅಮ್ಮನ ಗುಟ್ಟಾಗಿಯೇ ಉಳಿಯುತ್ತಿತ್ತು. ಮಗಳು ದಿನಾ ಅಮ್ಮನ ಹಾಗೆ ಕೂತು, ಅಮ್ಮನ ಹಾಗೆ ಕಾಯಬೇಕಾಗುತ್ತಿತ್ತು. ಅದರಲ್ಲಿ ಒಂದು ಸುಖವಿತ್ತು, ಅಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಬೇಡ," ಎಂದಳು. "ಆ ಬಾಗಿಲು ಇನ್ನೂ ಸವೆದ್ರೆ ವೈಪರ್ ಎಷ್ಟು ಆಡಿಸಿದ್ರೂ ಏಳಲ್ಲ. ಯಾರದೋ ಮನೆ ಮುಂದೆ ನಿಂತ್ಕೋತಾಳೆ. ಇವತ್ತೇ ಬಿಚ್ಚು."

ಹಿಂದಿನ ಸೀಟು ಅಂಗಳಕ್ಕೆ ಬಂತು. ಅದರಡಿ ಒಂದು ಕಿವಿಯೋಲೆ, ಮುರಿದ ಪೆನ್ಸಿಲ್ಲು, ಅಂಟಿಕೊಂಡ ಪೆಪ್ಪರ್‌ಮೆಂಟು ಸಿಕ್ಕವು. ಮಗಳು ಕಿವಿಯೋಲೆ ಎತ್ತಿಕೊಂಡಳು, ಉಳಿದದ್ದನ್ನು ಅಮ್ಮ ಗುಡಿಸಿದಳು. ಮೈದುನ ಗ್ಯಾರೇಜಿನಿಂದ ಹೊಸ ಪಂಪು ತಂದು ಕೂರಿಸಿದ. ಸಂಜೆ ಎಂಜಿನ್ ಆರಿಸಿ ಮೀಟರನ್ನು ಹಾಗೇ ಬಿಟ್ಟರು. ಅಮ್ಮ ಮಲಗುವ ಮುಂಚೆ ಟಾರ್ಚ್ ಹಿಡಿದು ಹೋಗಿ ನೋಡಿದಾಗ ಮುಳ್ಳು ಜರುಗಿರಲಿಲ್ಲ.

ಸೋಮವಾರ ಮೈದುನ ಬಂದು ಮೀಟರ್ ಬಿಚ್ಚಿಕೊಂಡು ಹೋದ. ಅಮ್ಮ ಸಿಂಕಿನ ಮುಂದಿದ್ದಳು. ಹೊರಗೆ ಮಗಳು ಗಾಜು ಒರೆಸುವುದು ಕೇಳಿಸಿತು, ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಅಮ್ಮ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು.

ಕಾರು ಒಂದೇ ತಿರುವಿಗೆ ಎದ್ದಿತು. ಗೇಟು ದಾಟಿ, ತಿರುವಿನಲ್ಲಿ ಗೇರು ಬದಲಾಯಿಸಿ, ಬೀದಿಯ ಉಳಿದ ಸದ್ದುಗಳಲ್ಲಿ ಸೇರಿಹೋಯಿತು.

ಅಮ್ಮ ಒಣಗಿದ ಕೈಯನ್ನು ಮತ್ತೆ ನೀರಿಗೆ ಹಾಕಿದಳು.