ಕುಬಿಷ್ಟಾನ ಪಾಲಿನ ಪೊಟ್ಟಣ

ಕುಬಿಷ್ಟಾ ಆತ್ಮಕಥೆ ಬರೆದಿದ್ದ. ಇಂಥವರೇ ಬರೆಯುವುದು. ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ ಈ ಮುದುಕನಿಗೆ ಈಗ ಇಂಗ್ಲೆಂಡಿನಲ್ಲೂ ಹೆಸರು ಬೇಕಾಗಿತ್ತು. ನಮ್ಮೂರಲ್ಲಿ ಇಂಗ್ಲಿಷಿಗೆ ಅನುವಾದ ಮಾಡುವವಳು ನಾನೊಬ್ಬಳೇ. ಅದರಲ್ಲಿ ನನ್ನ ಲಿಬುಶೆ ಚಿಕ್ಕಮ್ಮನ ಬಗ್ಗೆ ಒಂದು ಅಧ್ಯಾಯ ಇಲ್ಲದಿದ್ದರೆ ಆ ಕಸವನ್ನು ಮುಟ್ಟುತ್ತಲೂ ಇರಲಿಲ್ಲ.

ಕಮ್ಯುನಿಸ್ಟರ ಕಾಲ. ಚಿಕ್ಕಮ್ಮನ ಮನೆಯಲ್ಲಿ ಹಂದಿ ಕಡಿದ ದಿನ, ಕೈಜೋಡಿಸಲು ಬಂದವರೆಲ್ಲ ತಂತಮ್ಮ ಪಾಲಿನ ಪೊಟ್ಟಣ ಹಿಡಿದು ಹೋದ ಮೇಲೆ, ಅವಳ ಗಂಡ ಆಲೋಯಿಸ್ ಅಡುಗೆಮನೆಯಲ್ಲಿ ಪಕ್ಷದ ಕಾರ್ಯದರ್ಶಿಯ ಮೇಲೊಂದು ಜೋಕು ಹೇಳಿದ. ಮರುದಿನ ಪೊಲೀಸರು ಆ ಜೋಕನ್ನು ಒಂದಕ್ಷರ ಬಿಡದೆ ಒಪ್ಪಿಸಿ ಅವನನ್ನು ಎಳೆದೊಯ್ದರು. ಜೈಲಿನಲ್ಲೇ ಸತ್ತ. ‘ಕುಬಿಷ್ಟಾನೂ ಇದ್ದ, ಕೊನೇಲಿ ತನ್ನ ಪಾಲಿನ ಸಾಸೇಜು ಇಸ್ಕೊಂಡು ಹೋದ’ ಎಂದು ಚಿಕ್ಕಮ್ಮ ಬಾಯಿ ಬಡಕೊಂಡಳು. ಎಲ್ಲರ ಜೊತೆಗೇ ಹೊರಟೆ, ಪಾಲು ಮುಟ್ಟಲೇ ಇಲ್ಲ ಎಂದು ಅವನು ಆಣೆ ಇಟ್ಟ. ಊರು ಗಂಡಸಿನ ಮಾತನ್ನು ನಂಬಿತು; ಹಾಗಾದರೆ ಜೋಕು ಕೇಳಿದವಳು ಹೆಂಡತಿಯೊಬ್ಬಳೇ, ಚಾಡಿ ಹೇಳಿದವಳೂ ಅವಳೇ. ಹೆತ್ತ ಮಗಳೂ ನಂಬಿ ಇಂಗ್ಲೆಂಡಿಗೆ ಹೊರಟುಹೋದಳು. ಅಲ್ಲಿ ಹುಟ್ಟಿ ಬೆಳೆದ ಮೊಮ್ಮಗಳು ಎಲಿಶ್ಕಾಗೆ ನಮ್ಮ ಭಾಷೆ ಬಾರದು; ಗಂಡನನ್ನು ಹಿಡಿದುಕೊಟ್ಟ ಅಜ್ಜಿಯ ಜೊತೆ ಮಾತೂ ಇಲ್ಲ. ಈಗ ಈ ಪುಸ್ತಕ ಅವಳ ಕೈಗೆ ಹೋಗಲಿತ್ತು.

ಪುಸ್ತಕದಲ್ಲಿ ಅವನು ಚಿಕ್ಕಮ್ಮನನ್ನು ‘ಪ್ರಾಸ್ಕಾಚ್ಕಾ’ ಎಂದು ಕರೆದಿದ್ದ. ಪೊಲೀಸರಿಗೆ ಚಾಡಿ ಹೇಳುವವಳಿಗೆ ನಮ್ಮ ಪಬ್ಬುಗಳಲ್ಲಿ ಬೈಯುವ ಮಾತು. ಹೇಳಿದರೆ ಉಗಿದ ಹಾಗೆ ಕೇಳಿಸುತ್ತದೆ.

“ಇಂಗ್ಲಿಷಲ್ಲಿ ಇದಕ್ಕೆ ಏನಂತಾರಮ್ಮ?” ಎಂದ ಕುಬಿಷ್ಟಾ, ಪಬ್ಬಿನಲ್ಲಿ ನನ್ನೆದುರು ಕೂತು, ಎಲ್ಲರಿಗೂ ಕೇಳಿಸುವಂತೆ.

“‘ರ‍್ಯಾಟ್’, ಇಲಿ ಅಂತಾರೆ. ‘ಗ್ರಾಸ್’, ಹುಲ್ಲು ಅಂತಾನೂ ಅಂತಾರೆ. ಶಾಲೆ ಮಕ್ಕಳದ್ದೇ ಬೇರೆ, ಜೈಲಿನವರದ್ದೇ ಬೇರೆ.”

“ಇರೋದ್ರಲ್ಲಿ ಹೊಲಸು ಯಾವ್ದೋ ಅದನ್ನೇ ಹಾಕು.”

“ಹೇಗೆ ನಡೀತು ಅಂತ ಗೊತ್ತಾಗದೆ ಹೇಗೆ ಹಾಕ್ಲಿ? ಜೋಕು ಕೇಳಿ ಅವಳು ನಕ್ಳಾ? ನಕ್ಕು ಆಮೇಲೆ ಹಿಡಿದುಕೊಟ್ಟವರಿಗೆ ಒಂದು ಪದ, ಮುಖ ಗಂಟಿಕ್ಕಿದವರಿಗೆ ಇನ್ನೊಂದು.”

ಇಂಗ್ಲಿಷಿನಲ್ಲಿ ಹಾಗೆಲ್ಲ ಏನೂ ಇಲ್ಲ. ಆ ಮಂಕನಿಗೆ ಅದೆಲ್ಲಿ ಗೊತ್ತಾಗಬೇಕು?

ಅವನು ಮೀಸೆಯ ನೊರೆ ಒರೆಸಿಕೊಂಡ. “ನಗೋದಾ? ಬಿದ್ದು ಬಿದ್ದು ನಕ್ಲು! ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಡ್ತಾ ಇದ್ಲು, ನಗೋ ಭರದಲ್ಲಿ ಕೆಳಗೆ ಬೀಳಿಸ್ತಿದ್ಲು. ಎಂಥಾ ಸಾಸೇಜು ಅಂತೀಯ! ಅದನ್ನೂ ಬರಿ, ಇಂಗ್ಲಿಷಿನವರ ಬಾಯಲ್ಲಿ ನೀರೂರಲಿ.”

ಅಕ್ಕಪಕ್ಕದ ಮೇಜಿನವರು ಇತ್ತ ತಿರುಗಿದರು. ಪಬ್ಬಿನ ಯಜಮಾನ ಹಾನುಷ್ ಹತ್ತಿರ ಬಂದ.

“ಯಾವ ಪೊಟ್ಟಣನೋ ಕುಬಿಷ್ಟಾ? ಪಾಲು ಮುಟ್ಟಿಲ್ಲ ಅಂತ ನಿಮ್ಮಮ್ಮನ ಮೇಲೆ ಆಣೆ ಇಟ್ಟಿದ್ದೆಯಲ್ಲ?”

“ಅದು... ಅದು ಬೇರೆ ವರ್ಷದ್ದು.”

“ಆಲೋಯಿಸ್ ಆ ಜೋಕು ಹೇಳಿದ್ದು ಒಂದೇ ಸಲ ಕಣೋ. ಮತ್ತೆ ಹೇಳೋಕೆ ಅವನು ವಾಪಸ್ ಬರ್ಲಿಲ್ಲ.”

ಹೊಟ್ಟೆಬಾಕ! ಒಬ್ಬನ ಪ್ರಾಣ ತೆಗೆದದ್ದನ್ನು ಇಷ್ಟು ವರ್ಷ ಬಚ್ಚಿಟ್ಟವನಿಗೆ ಸಾಸೇಜಿನ ರುಚಿಯನ್ನು ಬಚ್ಚಿಡಲಾಗಲಿಲ್ಲ. ನಮ್ಮಲ್ಲಿ ಗ್ಲಾಸು ಖಾಲಿಯಾದರೆ ಕೇಳದೆಯೇ ಇನ್ನೊಂದು ಬರುತ್ತದೆ. ಅವನದು ಖಾಲಿಯಾಯಿತು. ಹಾನುಷ್ ಅದನ್ನೆತ್ತಿಕೊಂಡು ಹೋದವನು ತಿರುಗಿ ಬರಲಿಲ್ಲ. ಕುಬಿಷ್ಟಾನ ಹಸ್ತಪ್ರತಿಯನ್ನು ಅವನ ಮುಂದೆಯೇ ಬಿಸಾಡಿ ಎದ್ದೆ.

ಮನೆಗೆ ಹೋದಾಗ ಚಿಕ್ಕಮ್ಮ ಆಲೂಗಡ್ಡೆ ಸುಲಿಯುತ್ತಿದ್ದಳು. ನಡೆದದ್ದನ್ನು ಹೇಳಿದೆ.

“ಎಲ್ರೂ ಕೇಳಿಸ್ಕೊಂಡ್ರಾ?”

“ಎಲ್ರೂ.”

ಅವಳು ಕೈ ಒರೆಸಿಕೊಂಡು ಫೋನಿನತ್ತ ನೋಡಿದಳು. ಎಲಿಶ್ಕಾಳ ನಂಬರು ಹಚ್ಚಿ ಕೊಟ್ಟೆ. ಆ ಕಡೆಯಿಂದ ದನಿ ಬಂದೊಡನೆ ಚಿಕ್ಕಮ್ಮ ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು.

“‘ನಾನಲ್ಲ ಮಗು’ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದೇ?”